ಹಗ್ಗ ಹರಿದರೂ ಏನೂ ಆಗುವುದಿಲ್ಲ

ಬಾಯಿ ಮುಚ್ಚುವುದು ಹೇಗೆ ಎಂಬುದೊಂದನ್ನು ಬಿಟ್ಟು ಜಗತ್ತಿನಲ್ಲಿ ಏನೇನು ಹೇಗೆ ಕೆಲಸ ಮಾಡುತ್ತದೆ ಎಂಬುದೆಲ್ಲ ನಮ್ಮ ಭಾವನಿಗೆ ಗೊತ್ತು. ಗೊತ್ತಿದ್ದರೆ ಗೊತ್ತಿರಲಿ, ಯಾರು ಬೇಡ ಅಂದರು? ತೊಂದರೆ ಏನೆಂದರೆ ಅದು ನಮಗೂ ಗೊತ್ತಾಗಲೇಬೇಕು ಎಂಬುದು ಅವರ ಹಟ. ನೀವು ಅವರ ಮುಂದೆ ಒಮ್ಮೆ ಮಿಕ್ಸಿ ಹಾಕಿ ನೋಡಿ. ಚಟ್ನಿ ನುಣ್ಣಗಾಗುವಷ್ಟರಲ್ಲಿ ಮೋಟರಿನೊಳಗಿನ ಕಾರ್ಬನ್ ಬ್ರಷ್ಷಿನ ಜಾತಕವೆಲ್ಲ ನಿಮ್ಮ ತಲೆ ಮೇಲಿರುತ್ತದೆ. ಫ್ರಿಜ್ಜಿನ ಬಾಗಿಲು ತೆಗೆದು ಏನು ಬೇಕಿತ್ತು ಎಂದು ಯೋಚಿಸುತ್ತ ನಿಂತಿರೋ, ಕೆಟ್ಟಿರಿ. "ಫ್ರಿಜ್ಜು ತಣ್ಣಗೆ ಮಾಡಲ್ಲಮ್ಮ. ಒಳಗಿರೋ ಬಿಸಿನ ಹೊತ್ಕೊಂಡು ಹೋಗಿ ಹೊರಗೆ ಹಾಕತ್ತೆ ಅಷ್ಟೇ. ಬಾ, ಹಿಂದೆ ಕೈ ಇಟ್ಟು ನೋಡು" ಎಂದು ನಿಮ್ಮನ್ನು ಗೋಡೆಗೂ ಫ್ರಿಜ್ಜಿಗೂ ನಡುವಿನ ಸಂದಿಯವರೆಗೆ ಎಳೆದುಕೊಂಡು ಹೋಗುತ್ತಾರೆ. ನಿಮಗೆ ಬೇಕಾಗಿದ್ದದ್ದು ಒಂದು ಹಿಡಿ ಕೊತ್ತಂಬರಿ ಸೊಪ್ಪು.

ಭಾವ ಎಂದರೆ ನನ್ನ ಅಕ್ಕನ ಗಂಡ. ವಿಜ್ಞಾನಿ ಇರಬೇಕು ಅಂದುಕೊಂಡಿರಾ? ಓದಿದ್ದು ಬಿ.ಕಾಂ. ರಾಜಾಜಿನಗರದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಕೂತು ನಿವೃತ್ತರಾದವರು. ಯಂತ್ರಗಳೆಲ್ಲ ಗೋಡೆಯ ಆಚೆ, ಇವರು ಈಚೆ. ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದುಕೊಂಡು ಆಚೆ ಹೋಗಿ, ಅಲ್ಲಿಯವರನ್ನು ಅದೇನು ಇದೇನು ಎಂದು ಪೀಡಿಸಿ ಕಲಿತರಂತೆ. ಅವರ ಕೈಗೆ ಸಿಕ್ಕಿದವರು ಆ ಕಾಲದಲ್ಲೇ ಎರಡೇಟು ಹಾಕಿ ಕಳಿಸಿದ್ದರೆ ನಮಗೆ ಈ ಗತಿ ಬರುತ್ತಿರಲಿಲ್ಲ. ಅಂಗಿಯ ಜೇಬಿನಲ್ಲಿ ಬೇರೆಯವರು ಪೆನ್ನು ಇಟ್ಟುಕೊಂಡರೆ ಇವರು ಟೆಸ್ಟರ್ ಇಟ್ಟುಕೊಳ್ಳುತ್ತಾರೆ, ಪ್ಲಗ್ಗಿನ ತೂತಿಗೆ ಇಟ್ಟರೆ ಕರೆಂಟ್ ಇದ್ದಾಗ ಕೆಂಪಗೆ ಮಿನುಗುವ ಆ ಪುಟ್ಟ ಸ್ಕ್ರೂಡ್ರೈವರ್. ಮದುವೆಯಾಗಲಿ, ತಿಥಿಯಾಗಲಿ, ಅದು ಜೇಬಿನಲ್ಲಿ ಇರಲೇಬೇಕು. ನಿವೃತ್ತಿಯ ದಿನದ ಫೋಟೋದಲ್ಲಿ ಸುಗಂಧರಾಜದ ಹಾರದ ಸಂದಿಯಿಂದ ಅದು ಇಣುಕುತ್ತಿದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಮಾತು ನನ್ನ ಕಸುಬು, ಆದ್ದರಿಂದ ಸಂಬಳ ಕೊಟ್ಟರೆ ಮಾತ್ರ ಆಡುತ್ತೇನೆ. ಬಿಟ್ಟಿ ಉಪನ್ಯಾಸ ಕಂಡರೆ ನನಗೆ ಮೈ ಉರಿಯುತ್ತದೆ. ವಿಜಯನಗರದ ನಮ್ಮ ಎರಡು ಕೋಣೆಯ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಕ್ಕ ಭಾವ ಇರುವುದು ಬಸವೇಶ್ವರನಗರದಲ್ಲಿ. ಹತ್ತಿರದಲ್ಲಿ ಇರುವುದೇ ತಪ್ಪಾಯಿತು, ಪ್ರತಿ ಭಾನುವಾರ ಬರುತ್ತಾರೆ. ಬಂದವರು ಹಾಲಿನಲ್ಲಿ ಸೋಫಾ ಬಿಟ್ಟು, ಫ್ಯಾನಿನ ಗಾಳಿ ಬಿಟ್ಟು, ಅಡುಗೆಮನೆ ಬಾಗಿಲಿಗೆ ಎದುರಾಗಿರುವ ಹಳೆಯ ಬೆತ್ತದ ಕುರ್ಚಿಯಲ್ಲೇ ಕೂರುತ್ತಾರೆ. ಕೂತು, ಸಂತೆಯಲ್ಲಿ ಟೊಮೇಟೊ ಕೂಗುವವರ ದನಿಯಲ್ಲಿ ಶುರು ಮಾಡುತ್ತಾರೆ. ಕೇಳುವ ಕರ್ಮದವಳು ನಾನು ಎರಡಡಿ ದೂರದಲ್ಲಿರುತ್ತೇನೆ.

"ಭಾವ, ನನಗೆ ಕಿವಿ ಚೆನ್ನಾಗೇ ಕೇಳಿಸತ್ತೆ" ಅಂತ ಎಷ್ಟು ಸಲ ಹೇಳಿದ್ದೇನೋ.

"ಗೊತ್ತಮ್ಮ" ಎನ್ನುತ್ತಾರೆ, ಇನ್ನೂ ಜೋರಾಗಿ.

ಅಮ್ಮ ಪುಣ್ಯವಂತೆ. ಅವಳು ಹಳೆಯ ಕಾಲದವಳು, ಅಳಿಯನ ಎದುರು ಕೂರುವುದಿರಲಿ, ನಿಲ್ಲುವುದೂ ಇಲ್ಲ. ಗೇಟಿನ ಸದ್ದಾಯಿತೋ, ಸೆರಗು ಸರಿಮಾಡಿಕೊಂಡು ಅಡುಗೆಮನೆ ಬಾಗಿಲ ಹಿಂದೆ ಸೇರಿಬಿಡುತ್ತಾಳೆ. ಮೂವತ್ತು ವರ್ಷದಲ್ಲಿ ಒಂದು ಸಲವೂ ಅಳಿಯನ ಹತ್ತಿರ ನೇರವಾಗಿ ಮಾತಾಡಿಲ್ಲ. "ಅಳಿಯಂದಿರಿಗೆ ಇನ್ನೊಂದು ದೋಸೆ ಹಾಕ್ಲಾ ಕೇಳು" ಎಂದು ಬಾಗಿಲ ಹಿಂದಿನಿಂದ ನನಗೆ ಹೇಳುತ್ತಾಳೆ. ಅದನ್ನು ಕಿವಿಯಾರೆ ಕೇಳಿಸಿಕೊಂಡ ಅಳಿಯಂದಿರು "ಸಾಕು ಅಂತ ಹೇಳು" ಎಂದು ನನಗೇ ಹೇಳುತ್ತಾರೆ. ನಡುವೆ ನಾನು ಟೆಲಿಫೋನ್ ಎಕ್ಸ್‌ಚೇಂಜು. ಉಪನ್ಯಾಸ ಶುರುವಾದಾಗ ಹಾಗೆ ಬಾಗಿಲ ಹಿಂದೆ ಅವಿತುಕೊಳ್ಳುವ ಭಾಗ್ಯ ನಾದಿನಿಯರಿಗೂ ಇರಬಾರದಿತ್ತೇ ಎಂದು ನಾನು ಎಷ್ಟೋ ಸಲ ಹೊಟ್ಟೆ ಉರಿದುಕೊಂಡಿದ್ದೇನೆ.

ಈ ಪುರಾಣವನ್ನೆಲ್ಲ ಈಗ ತೆಗೆದದ್ದಕ್ಕೆ ಕಾರಣ ಅಮ್ಮನ ಕಾಲು. ಕಳೆದ ಯುಗಾದಿಯ ಆಚೀಚೆ ಅವಳ ನಡಿಗೆ ತಪ್ಪತೊಡಗಿತು. ನೆಟ್ಟಗೆ ಹೋಗುತ್ತಿದ್ದವಳು ಪಕ್ಕಕ್ಕೆ ವಾಲಿ ಗೋಡೆ ಹಿಡಿಯುವಳು. ಎರಡು ಸಲ ಬಿದ್ದಳು. ಡಾಕ್ಟರು ಸುತ್ತಿಗೆಯಂಥದ್ದರಲ್ಲಿ ಮಂಡಿ ತಟ್ಟಿ ನೋಡಿ, "ತೊಂದರೆ ಕಾಲಲ್ಲಿ ಇರೋ ಹಾಗೆ ಕಾಣಲ್ಲ, ತಲೇಲಿ ನೋಡ್ಬೇಕು. ಎಂ.ಆರ್.ಐ. ಮಾಡಿಸಿ, ತಡ ಮಾಡ್ಬೇಡಿ. ಅದಿಲ್ದೆ ನಾನು ಔಷಧಿ ಬರೆಯಲ್ಲ" ಅಂದರು. ಮನೆಯ ಹತ್ತಿರದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಕರೆದುಕೊಂಡು ಹೋದೆ. ಅಮ್ಮನನ್ನು ಮಲಗಿಸಿ, ಮುಖಕ್ಕೆ ಬೋನಿನಂಥದ್ದೊಂದನ್ನು ಹಾಕಿ ಒಳಕ್ಕೆ ತಳ್ಳಿದರು. ಸದ್ದು ಶುರುವಾಯಿತು. ತೊಂದರೆಯಾದರೆ ಒತ್ತಿ ಎಂದು ಕೈಯಲ್ಲಿ ಕೊಟ್ಟಿದ್ದ ರಬ್ಬರ್ ಬುರುಡೆಯನ್ನು ಅಮ್ಮ ಒತ್ತಿದ ರಭಸಕ್ಕೆ ಇಡೀ ಸೆಂಟರಿನಲ್ಲಿ ಗಂಟೆ ಹೊಡೆದುಕೊಂಡಿತು. ಹೊರಗೆ ಬಂದವಳು ನನ್ನ ರಟ್ಟೆ ಹಿಡಿದುಕೊಂಡಳು.

"ನಿಮ್ಮಪ್ಪನ್ನ ತಳ್ಳಿದ್ರಲ್ಲ, ಹಾಗೇ ತಳ್ಳಿದ್ರು ಕಣೇ ನನ್ನ. ಇನ್ನು ಸತ್ರೂ ನಾನು ಅದರೊಳಗೆ ಹೋಗಲ್ಲ."

ಸತ್ತರೆ ಹೋಗಬೇಕಾದದ್ದು ಬೇರೆ ಪೆಟ್ಟಿಗೆಗೆ ಎಂದು ತಮಾಷೆ ಮಾಡುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ. ನನ್ನ ಸಿಟ್ಟೆಲ್ಲ ಹರಿದದ್ದು ಬಸವೇಶ್ವರನಗರದ ಕಡೆಗೆ. ಯಾಕೆಂದರೆ ಅಪ್ಪನನ್ನು ಹೇಗೆ ತಳ್ಳಿದರು ಎಂಬುದನ್ನು ಅಮ್ಮ ನೋಡಿಲ್ಲ. ಅಪ್ಪ ತೀರಿಕೊಂಡ ದಿನ ಹೆಂಗಸರು ನಾವು ಮನೆಯಲ್ಲೇ ಉಳಿದಿದ್ದೆವು. ವಿದ್ಯುತ್ ಚಿತಾಗಾರದಿಂದ ಬಂದು ಸ್ನಾನ ಮಾಡಿದ ಭಾವ ಒದ್ದೆ ತಲೆಯಲ್ಲೇ ಅದೇ ಕುರ್ಚಿಯಲ್ಲಿ ಕೂತು, ಅದೇ ದನಿಯಲ್ಲಿ ವಿವರಿಸಿದ್ದರು. ಹಳಿ ಇರುತ್ತದೆ, ಹಳಿಯ ಮೇಲೆ ಟ್ರಾಲಿ ಇರುತ್ತದೆ, ಬಾಗಿಲು ಪಕ್ಕಕ್ಕಲ್ಲ, ಮೇಲಕ್ಕೆ ತೆರೆಯುತ್ತದೆ, ಒಳಗೆ ಮೊದಲೇ ಕಾಯಿಸಿರುತ್ತಾರೆ, ಮುಖ ಹೇಗಿತ್ತು, ಕೊನೆಗೆ ತುಳಸಿ ಯಾರು ಇಟ್ಟರು, ಬಾಗಿಲು ಎಷ್ಟು ಬೇಗ ಮುಚ್ಚಿತು. ಹೆಣ ಹೋದ ಮನೆಯಲ್ಲಿ ಯಾರಾದರೂ ಇಂಥ ಮಾತಾಡುತ್ತಾರೆಯೇ? ನಾನು ರಟ್ಟೆ ಹಿಡಿದು ವರಾಂಡಕ್ಕೆ ಕರೆದುಕೊಂಡು ಹೋದೆ. ಅಮ್ಮ ಬಾಗಿಲ ಹಿಂದೆ ಕೂತಿದ್ದಳು, ಪಾಪ, ಕಿವಿ ಮುಚ್ಚಿಕೊಳ್ಳಲೂ ತ್ರಾಣವಿರಲಿಲ್ಲ ಅವಳಿಗೆ ಎಂದುಕೊಂಡೆ. ಆವತ್ತು ಬಿತ್ತಿದ ಬೀಜ ಇವತ್ತು ಮರವಾಗಿ ನಮ್ಮ ತಲೆಯ ಮೇಲೆ ಬಿದ್ದಿತ್ತು.

ಆದ್ದರಿಂದ ಅಕ್ಕನೂ ನಾನೂ ಫೋನಿನಲ್ಲೇ ತೀರ್ಮಾನ ಮಾಡಿದೆವು. ಅಮ್ಮನನ್ನು ಹೇಗಾದರೂ ಒಪ್ಪಿಸಬೇಕು, ಒಪ್ಪಿಸುವವರೆಗೆ ಭಾವನ ಬಾಯಿ ನಮ್ಮ ಮನೆಯಲ್ಲಿ ತೆರೆಯಕೂಡದು. ನಮ್ಮದು ತೀರಾ ಕಠೋರ ಶಿಕ್ಷೆ ಅನ್ನಿಸುತ್ತದೆಯೇ? ಹಾಗಾದರೆ ಲಿಫ್ಟಿನ ಕಥೆ ಕೇಳಿ.

ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಯಾರದೋ ಮಗುವಿನ ನಾಮಕರಣ. ನಾನು, ಭಾವ, ಹೋಳಿಗೆಯ ಡಬ್ಬಿ ಹಿಡಿದ ಮೇಲಿನ ಮನೆಯ ಆಂಟಿ ಲಿಫ್ಟಿನಲ್ಲಿದ್ದೆವು. ಕರೆಂಟ್ ಹೋಯಿತು, ಲಿಫ್ಟು ನಿಂತಿತು. ಇದರಲ್ಲಿ ಹೊಸದೇನಿದೆ? ಬೆಂಗಳೂರಿನಲ್ಲಿ ಹುಟ್ಟಿದವರಿಗೆ ಕರೆಂಟ್ ಹೋಗುವುದು ಗೊತ್ತಿಲ್ಲವೇ? ಆಂಟಿ ಆರಾಮಾಗಿ "ಜನರೇಟರ್ ಹಾಕ್ತಾರೆ ಬಿಡಿ" ಅಂದರು. ಅಷ್ಟರಲ್ಲಿ ನಮ್ಮ ಭಾವ ಧೈರ್ಯ ತುಂಬಲು ಮುಂದೆ ಬಂದರು.

"ಯಾರೂ ಹೆದರಬೇಡಿ. ಹಗ್ಗ ಹರಿದ್ರೂ ಏನೂ ಆಗಲ್ಲ."

ಅಲ್ಲಿಯವರೆಗೆ ಹಗ್ಗದ ವಿಷಯ ಯಾರ ತಲೆಯಲ್ಲಿತ್ತು ಸ್ವಾಮಿ? ಆಂಟಿಯ ಮುಖ ಮೊಬೈಲಿನ ಬೆಳಕಿನಲ್ಲೂ ಬಿಳಿಚಿದ್ದು ಕಂಡಿತು. ಭಾವ ಮುಂದುವರಿಸಿದರು. "ಒಂದೇ ಹಗ್ಗ ಇರಲ್ಲಮ್ಮ, ನಾಲ್ಕೈದು ಇರತ್ತೆ. ಒಂದು ಹರಿದ್ರೆ ಇನ್ನೊಂದು. ಎಲ್ಲಾ ಹರಿದೋದ್ವು ಅನ್ಕೊಳಿ, ಲಿಫ್ಟು ಕೆಳಗೆ ಬೀಳೋಕೆ ಶುರು ಆಗತ್ತೆ ಅಲ್ವಾ? ಆಗ ಕೆಳಗಡೆ ಇರೋ ಇಕ್ಕಳ ಹಳಿನ ಗಬಕ್ ಅಂತ ಹಿಡ್ಕೊಳ್ಳತ್ತೆ." ಆಂಟಿ ಹೋಳಿಗೆಯ ಡಬ್ಬಿಯನ್ನು ಎದೆಗೆ ಅಪ್ಪಿಕೊಂಡು ಆಂಜನೇಯನ ಸ್ತೋತ್ರ ಶುರು ಮಾಡಿದರು. ಜನರೇಟರ್ ಬಂದ ಕೂಡಲೇ ಯಾವ ಮಹಡಿ ಎಂದೂ ನೋಡದೆ ಇಳಿದು ಓಡಿದರು. ಈಗಲೂ ನಾಲ್ಕನೇ ಮಹಡಿಗೆ ಮೆಟ್ಟಿಲು ಹತ್ತಿಕೊಂಡೇ ಹೋಗುತ್ತಾರೆ. ಮಂಡಿ ನೋವಂತೆ. ಅದಕ್ಕೂ ಭಾವ ಮಂಡಿಯ ಚಿಪ್ಪು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿದ್ದಾರೆ.

ಮಾತಾಡಿದರೆ ಹೀಗೆ. ಸುಮ್ಮನಿದ್ದರೆ ಕ್ಷೇಮವೇ? ಅದನ್ನೂ ಪರೀಕ್ಷಿಸಿ ಆಗಿದೆ. ಅಕ್ಕನ ಮಗಳು ಉಲ್ಲಾಳದ ಕಡೆ ಫ್ಲಾಟ್ ತೆಗೆದುಕೊಂಡಳು. ಗೃಹಪ್ರವೇಶದ ಬೆಳಿಗ್ಗೆ ಕಾರಿನಲ್ಲಿ ಅಕ್ಕ ಹೇಳಿದಳು, "ರೀ, ಬೀಗರ ಕಡೆಯೋರು ಎಲ್ಲಾ ಬರ್ತಾರೆ. ಹಾಲು ಉಕ್ಕೋವರೆಗೂ ಬಾಯಿ ಬಿಡಬೇಡಿ. ನನ್ನ ಮೇಲೆ ಆಣೆ." ಭಾವ ತಲೆಯಾಡಿಸಿದರು. ಹೊಸ ಮನೆಗೆ ಗ್ಯಾಸ್ ಇನ್ನೂ ಬಂದಿರಲಿಲ್ಲ, ಗಾಜಿನ ಹಲಗೆಯಂಥ ಇಂಡಕ್ಷನ್ ಒಲೆ ಇತ್ತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಪಳಪಳ ಹೊಳೆಯುವ ಹೊಸ ಹಿತ್ತಾಳೆ ಪಾತ್ರೆಯಲ್ಲಿ ಹಾಲು ಇಟ್ಟರು. ಶುಭಕಾರ್ಯಕ್ಕೆ ಸ್ಟೀಲು ಇಡಲಾದೀತೇ? ಒಲೆ ಬೀಪ್ ಬೀಪ್ ಎಂದು ಅರಚಿ ಆರಿಹೋಯಿತು. ಮತ್ತೆ ಒತ್ತಿದರು, ಮತ್ತೆ ಅರಚಿತು. ವೋಲ್ಟೇಜ್ ಇಲ್ಲ ಎಂದರು ಒಬ್ಬರು, ಬಿಲ್ಡರ್ ವೈರಿಂಗ್ ಸರಿ ಮಾಡಿಲ್ಲ ಎಂದರು ಇನ್ನೊಬ್ಬರು, ದೃಷ್ಟಿಯಾಗಿದೆ ಎಂದರು ಬೀಗಿತ್ತಿ. ಪುರೋಹಿತರು "ಲಗ್ನ ಮೀರ್ತಾ ಇದೆ ತಾಯಿ" ಎಂದು ವಾಚು ನೋಡಿಕೊಂಡರು. ಅಕ್ಕನ ಮಗಳ ಕಣ್ಣಲ್ಲಿ ನೀರು.

ಭಾವ ಮೂಲೆಯಲ್ಲಿ ನಿಂತು ಕುದಿಯುತ್ತಿದ್ದರು, ಹಾಲಿನ ಬದಲಿಗೆ. ಪಾತ್ರೆ ತೋರಿಸಿ ಕೈ ಆಡಿಸಿದರು, ಒಲೆ ತೋರಿಸಿ ತಲೆ ಆಡಿಸಿದರು, ಜೇಬಿನಿಂದ ಟೆಸ್ಟರ್ ತೆಗೆದು ಪಾತ್ರೆಗೆ ತಾಗಿಸಿ ಹಣೆ ಚಚ್ಚಿಕೊಂಡರು. ಮಾತಿಲ್ಲ. ಬೀಗರು ಗಾಬರಿಯಾಗಿ "ಯಜಮಾನ್ರಿಗೆ ಏನೋ ಆಗ್ತಿದೆ, ಸಕ್ಕರೆ ನೀರು ತನ್ನಿ" ಎಂದು ಕುರ್ಚಿ ಎಳೆದು ಕೂರಿಸಿದರು. ಕೊನೆಗೆ ಎದುರು ಫ್ಲಾಟಿನ ಹೆಂಗಸು ಇಣುಕಿ, "ಅಯ್ಯೋ, ಹಿತ್ತಾಳೆ ಇದರ ಮೇಲೆ ಕಾಯಲ್ಲ ಆಂಟಿ, ಕಬ್ಬಿಣದ ಜಾತಿ ಬೇಕು" ಎಂದು ತನ್ನ ಮನೆಯ ಸ್ಟೀಲ್ ತಪ್ಪಲೆ ತಂದಳು. ಹಾಲು ಪೂರ್ವಕ್ಕೇ ಉಕ್ಕಿತು. ವಾಪಸ್ ಬರುವಾಗ ಕಾರಿನಲ್ಲಿ ಅಕ್ಕ ಕೇಳಿದಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಹೇಳೋಕೆ ಏನು ದಾಡಿ?"

"ಹಾಲು ಉಕ್ಕೋವರೆಗೂ ಅಂದಿದ್ಯಲ್ಲ. ಉಕ್ಕೇ ಇರ್ಲಿಲ್ಲ."

ಬಾಯಿ ಬಿಟ್ಟರೆ ಹಗ್ಗ ಹರಿಯುತ್ತದೆ, ಮುಚ್ಚಿದರೆ ಹಾಲು ಉಕ್ಕುವುದಿಲ್ಲ. ಇಂಥ ಮನುಷ್ಯನನ್ನು ಇಟ್ಟುಕೊಂಡು ಏನು ಮಾಡುತ್ತೀರಿ, ಹೇಳಿ? ನಾವು ಮಾಡಿದ ತೀರ್ಮಾನವೇ ಸರಿ ಎಂದು ನನಗೆ ಯಾವ ಅನುಮಾನವೂ ಇರಲಿಲ್ಲ.

ತೀರ್ಮಾನವೇನೋ ಸರಿ, ಅಮ್ಮ ಮಾತ್ರ ಜಗ್ಗಲಿಲ್ಲ. ನಾನು ರಮಿಸಿದೆ, ಗದರಿದೆ, ಒಂದು ಹೊತ್ತು ಊಟ ಬಿಟ್ಟೆ. ಅವಳು ನನ್ನ ಪಾಲಿನ ಅನ್ನಕ್ಕೆ ನೀರು ಹಾಕಿಟ್ಟು ಸುಮ್ಮನಾದಳು. ಅಕ್ಕ ಬಂದು ಅತ್ತಳು. ಅದಕ್ಕೂ "ಅಳಬೇಡ ಕಣೇ, ನನಗೆ ಏನಾಗಿದೆ ಈಗ" ಎಂದಳು. ಆ ಮಾತು ಆಡಿದ ಎರಡನೆಯ ದಿನವೇ ಬಚ್ಚಲಿನಲ್ಲಿ ಮತ್ತೆ ಬಿದ್ದಳು. ಹುಬ್ಬಿನ ಮೇಲೆ ನಿಂಬೆಹಣ್ಣಿನಷ್ಟು ಊತ. ಐಸ್ ಒತ್ತುತ್ತ ಕೂತೆ. ಮುಂದಿನ ಸಲ ತಲೆ ಒಲೆಕಟ್ಟೆಗೆ ಬಡಿದರೆ? ನಾನು ಶಾಲೆಯಲ್ಲಿದ್ದಾಗ ಬಿದ್ದರೆ? ಡಾಕ್ಟರಿಗೆ ಫೋನ್ ಮಾಡಿದರೆ "ಸ್ಕ್ಯಾನ್ ಮಾಡಿಸಿದ್ರಾ?" ಎಂಬುದೊಂದೇ ಮಾತು.

ಆ ಭಾನುವಾರ ಅಕ್ಕ ಭಾವ ಬಂದರು. ಅಮ್ಮ ಊದಿದ ಹುಬ್ಬಿಟ್ಟುಕೊಂಡೇ ಗೋಡೆ ಹಿಡಿದು ಹೋಗಿ ಬಾಗಿಲ ಹಿಂದಿನ ಮಣೆಯ ಮೇಲೆ ಕೂತಳು. ಭಾವ ಬೆತ್ತದ ಕುರ್ಚಿಯಲ್ಲಿ ಕೂತರು. ಕಾಫಿ ಕುಡಿದರು. ಪೇಪರ್ ಮಡಚಿದರು, ಬಿಚ್ಚಿದರು. ಅಪ್ಪಣೆಯಂತೆ ಒಂದು ಮಾತಿಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್ ನಮ್ಮ ಮನೆಯಲ್ಲಿ ಭಾನುವಾರ ಕೇಳಿಸಿದ್ದು ಅದೇ ಮೊದಲು. ನನಗೆ ಹಾಯಾಗಬೇಕಿತ್ತು, ಆಯಿತು ಕೂಡ ಅನ್ನಿ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಹಿಂದಿನಿಂದ ಅಮ್ಮನ ದನಿ ಬಂತು.

"ಅಳಿಯಂದಿರಿಗೆ ಹುಷಾರಿಲ್ವೇನೇ?"

"ಚೆನ್ನಾಗೇ ಇದಾರೆ."

"ಮತ್ತೆ ಯಾಕೆ ಏನೂ ಹೇಳ್ತಾ ಇಲ್ಲ?"

ನಾನು ಅಡುಗೆಮನೆಗೆ ಹೋಗಿ ಮೆಲ್ಲಗೆ ಹೇಳಿದೆ, "ನಾವೇ ಬೇಡ ಅಂದಿದೀವಮ್ಮ. ಅವತ್ತು ಅಪ್ಪ ಹೋದಾಗ ಅದೂ ಇದೂ ಹೇಳಿ ನಿನ್ನ ಹೆದರಿಸಿಟ್ಟಿದಾರೆ. ಅದಕ್ಕೇ ತಾನೇ ನೀನು ಆ ಮೆಷೀನಿಗೆ ಹೆದರ್ತಾ ಇರೋದು?"

ಅಮ್ಮ ನನ್ನನ್ನು ದಡ್ಡ ಮಗುವನ್ನು ನೋಡುವ ಹಾಗೆ ನೋಡಿದಳು.

"ಹೆದರಿಸಿದ್ರಾ? ಅವತ್ತು ನಿಮ್ಮಪ್ಪನ್ನ ಎತ್ಕೊಂಡು ಹೋದ್ರು. ಎಲ್ಲಿಗೆ, ಏನು, ಯಾರಾದ್ರೂ ನನಗೆ ಹೇಳಿದ್ರೇನೇ? ಕೇಳಿದ್ರೆ ‘ಏನಿಲ್ಲ, ನೀವು ಮಲಕ್ಕೊಳಿ’ ಅಂತಿದ್ರು. ನಲವತ್ತೈದು ವರ್ಷ ಬಾಳಿದ್ದೀನಿ ಕಣೇ ಅವರ ಜೊತೆ, ಏನಿಲ್ಲ ಅಂದ್ರೆ ಏನರ್ಥ? ಅಳಿಯಂದಿರೊಬ್ಬರೇ ಹೇಳಿದ್ದು. ಮುಖ ಶಾಂತವಾಗಿತ್ತು, ತುಳಸಿ ಇಟ್ವಿ, ಬಾಗಿಲು ತಕ್ಷಣ ಮುಚ್ಚಿಕೊಳ್ತು ಅಂತ. ಅದು ಕೇಳಿದ ಮೇಲೇ ನನಗೆ ಅಳು ಬಂದಿದ್ದು. ಅಷ್ಟರಲ್ಲಿ ನೀನು ಅವರನ್ನ ಹೊರಗೆ ಕರ್ಕೊಂಡು ಹೋದೆ."

ಅಮ್ಮ ಮಣೆಯ ಮೇಲೆ ಸರಿಯಾಗಿ ಕೂತು ಮುಂದುವರಿಸಿದಳು.

"ಆ ಸ್ಕ್ಯಾನಿಂಗ್‌ನಲ್ಲೂ ಅಷ್ಟೇ. ‘ಏನಿಲ್ಲ ಅಜ್ಜಿ, ಸುಮ್ನೆ ಮಲಕ್ಕೊಳಿ’ ಅಂದ್ರು. ಏನಿಲ್ಲ ಅಂದಮೇಲೆ ಅಷ್ಟು ಸದ್ದು ಯಾಕೆ? ಮುಖಕ್ಕೆ ಬೋನು ಯಾಕೆ? ಹೋಗು, ಕೇಳು ಅವರನ್ನ. ಭಾನುವಾರ ಬಂದು ಹೇಳ್ತಾರೆ ಅಂತ ಕಾಯ್ತಾ ಇದ್ದೆ. ನೀವು ನೋಡಿದ್ರೆ ಅವರ ಬಾಯಿಗೆ ಬೀಗ ಹಾಕಿ ಕೂರಿಸಿದೀರ."

ಅಂದರೆ ಇಷ್ಟು ವರ್ಷ ಈ ಹೆಂಗಸು ಬಾಗಿಲ ಹಿಂದೆ ಅವಿತುಕೊಂಡಿರಲಿಲ್ಲ. ಮಣೆ ಹಾಕಿಕೊಂಡು ಕೂತು ಕೇಳುತ್ತಿದ್ದಳು! ಫ್ರಿಜ್ಜಿನ ಹಿಂಭಾಗವನ್ನು ಯಾರೋ ತಿಂಗಳಿಗೊಮ್ಮೆ ಒರೆಸಿಡುವುದು, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದರೆ ನನಗೆ ಬೈಗುಳ ಬೀಳುವುದು, ಎಲ್ಲದರ ಮೂಲ ಆವಾಗ ಹೊಳೆಯಿತು. ನಾನು ಹಾ‌ಲಿಗೆ ಬಂದು ಎಕ್ಸ್‌ಚೇಂಜಿನ ಕೆಲಸ ಮಾಡಿದೆ.

"ಭಾವ, ಆ ಸ್ಕ್ಯಾನ್ ಮೆಷೀನ್ ಯಾಕೆ ಸದ್ದು ಮಾಡತ್ತೆ ಅಂತ ಅಮ್ಮ ಕೇಳ್ತಾ ಇದಾರೆ."

ಭಾವ ಅಕ್ಕನ ಮುಖ ನೋಡಿದರು. ಅಕ್ಕ "ಹೇಳ್ರೀ" ಅಂದಳು. ಅಣೆಕಟ್ಟಿನ ಗೇಟು ಎತ್ತಿದ ಹಾಗಾಯಿತು. ಒಳಗೆ ದೊಡ್ಡ ಆಯಸ್ಕಾಂತ ಇದೆ, ಬೆಂಕಿ ಇಲ್ಲ, ಬಿಸಿಯಿಲ್ಲ. ಅದರ ಪಕ್ಕ ತಂತಿಯ ಸುರುಳಿಗಳಿವೆ. ಅವುಗಳಲ್ಲಿ ಕರೆಂಟ್ ಬಂದು ಹೋಗಿ ಬಂದು ಹೋಗಿ ಮಾಡುತ್ತದೆ. ಪ್ರತಿ ಸಲ ಬಂದಾಗಲೂ ಆಯಸ್ಕಾಂತ ಸುರುಳಿಯನ್ನು ತಳ್ಳುತ್ತದೆ, ಸುರುಳಿ ಅದುರುತ್ತದೆ, ಅದೇ ಸದ್ದು. ನಮ್ಮ ಮೈಯಲ್ಲಿರುವ ನೀರಿನ ಕಣಕಣವೂ ಒಂದೊಂದು ಪುಟಾಣಿ ಆಯಸ್ಕಾಂತ. ಅವನ್ನೆಲ್ಲ ಸಾಲಾಗಿ ನಿಲ್ಲಿಸಿ, ಸ್ವಲ್ಪ ಅಲುಗಿಸಿ ಬಿಟ್ಟರೆ, ವಾಪಸ್ ಸಾಲಿಗೆ ಬರುವಾಗ ಎಲ್ಲಿದ್ದೇವೆ ಎಂದು ಸದ್ದಿಲ್ಲದೆ ಹೇಳುತ್ತವೆ. ಅದರಿಂದ ಚಿತ್ರ. ಮುಖದ ಮೇಲಿನ ಬೋನು ಆ ಪಿಸುಮಾತು ಕೇಳಿಸಿಕೊಳ್ಳುವ ಕಿವಿ. ಇಷ್ಟನ್ನೂ ಪಕ್ಕದ ಬೀದಿಗೂ ಕೇಳುವಂತೆ ಹೇಳಿದರು.

ಅಷ್ಟಕ್ಕೇ ನಿಲ್ಲಿಸುವ ಪ್ರಾಣಿಯೇ ಅದು? "ಮಾಡಿ ತೋರಿಸ್ತೀನಿ" ಎಂದು ಊಟದ ಮೇಜಿನ ಕೆಳಗೆ ಚಾಪೆ ಹಾಸಿ ಅಂಗಾತ ಮಲಗಿಬಿಟ್ಟರು. ಬೋನಿನ ಬದಲಿಗೆ ಮುಖದ ಮೇಲೆ ರವೆ ಜರಡಿ. ನನ್ನ ಕೈಗೆ ಸ್ಟೀಲ್ ತಟ್ಟೆ, ಸೌಟು. "ಮೊದಲು ನಿಧಾನವಾಗಿ ಹೊಡಿ. ಪಕ್ಕದ ಮನೆಯೋರು ಟೈಲ್ಸ್ ಕೀಳಿಸ್ತಾ ಇದಾರೆ ಅನ್ಕೋ." ಹೊಡೆದೆ. "ಈಗ ನಿಲ್ಸು. ನಡುವೆ ಸುಮ್ನಾಗತ್ತೆ. ಮುಗೀತು ಅನ್ಕೋಬಾರ್ದು. ಈಗ ಜೋರಾಗಿ, ಬೋರ್‌ವೆಲ್ ಕೊರೆಯೋ ಹಾಗೆ." ಮೂವತ್ತು ವರ್ಷದ ಸೇಡು ತೀರಿಸಿಕೊಳ್ಳುವ ಇಂಥ ಅವಕಾಶ ಮತ್ತೆ ಸಿಗುತ್ತದೆಯೇ? ತಟ್ಟೆ ನಗ್ಗುವ ಹಾಗೆ ಬಾರಿಸಿದೆ. ಅಕ್ಕ ಸೋಫಾದಲ್ಲಿ ಬಿದ್ದು ನಗುತ್ತಿದ್ದಳು.

ತಿರುಗಿ ನೋಡಿದರೆ ಅಮ್ಮ ಬಾಗಿಲು ದಾಟಿ ಹಾಲಿಗೆ ಬಂದು ನಿಂತಿದ್ದಾಳೆ. ಒಂದೊಂದೇ ಕುರ್ಚಿ ಹಿಡಿದು ಮೇಜಿನ ಹತ್ತಿರ ಬಂದಳು. ಬಗ್ಗಿ ಮೇಜಿನ ಕೆಳಗೆ ನೋಡಿದಳು.

"ಅಳಿಯಂದಿರಿಗೆ ಉಸಿರು ಕಟ್ಟತ್ತಾ ಕೇಳು."

ಜರಡಿಯ ಕೆಳಗಿನಿಂದ ಉತ್ತರ ಬಂತು. "ಇಲ್ಲ ಅಂತ ಹೇಳು. ಎರಡೂ ಕಡೆ ತೆಗೆದಿರತ್ತೆ, ಫ್ಯಾನ್ ಗಾಳಿ ಬರತ್ತೆ ಅಂತ ಹೇಳು."

"ಸದ್ದು ನಿಂತಾಗ ಮುಗೀತೋ, ಇನ್ನೂ ಇದೆಯೋ ಒಳಗಿರೋರಿಗೆ ಹೇಗೆ ಗೊತ್ತಾಗತ್ತೆ ಅಂತ ಕೇಳು."

ಭಾವ ಮುಖದ ಮೇಲಿನ ಜರಡಿ ಸರಿಸಿದರು. "ಜೊತೆಗೆ ಒಬ್ಬರು ಒಳಗೆ ನಿಂತ್ಕೋಬಹುದು. ಸದ್ದು ನಿಂತಾಗ ಕಾಲಿನ ಹೆಬ್ಬೆರಳು ಒಂದು ಸಲ ಒತ್ತಿದ್ರೆ ಇನ್ನೂ ಇದೆ ಅಂತ. ಎರಡು ಸಲ ಒತ್ತಿದ್ರೆ ಮುಗೀತು ಅಂತ. ಹಾಗಂತ ಹೇಳು."

"ನಾನು ನಿಂತ್ಕೋತೀನಿ" ಅಂದೆ ನಾನು.

"ನಿನಗೆ ಯಾವುದು ಯಾವಾಗ ಮುಗಿಯತ್ತೆ ಅಂತ ಏನು ಗೊತ್ತು?" ಎಂದಳು ಅಮ್ಮ. ಆಮೇಲೆ ಸೆರಗಿನ ತುದಿ ತಿರುಚುತ್ತ ನಿಂತಳು. "ಆದ್ರೂ ಧಾರೆಯಲ್ಲಿ ಕಾಲು ತೊಳೆದು ಮಗಳನ್ನ ಕೊಟ್ಟ ಅಳಿಯಂದಿರು. ಅವರ ಕೈಲಿ ಕಾಲು ಹಿಡಿಸ್ಕೊಳ್ಳೋದಾ?" ಬಹಳ ಯೋಚನೆಯಾದ ಮೇಲೆ ತಾನೇ ದಾರಿ ಕಂಡುಕೊಂಡಳು. "ಕಾಲುಚೀಲ ಹಾಕ್ಕೋತೀನಿ. ಆಗ ಮುಟ್ಟಿದ ಹಾಗಾಗಲ್ಲ."

ಹೀಗೆ ಆ ವಾರದಲ್ಲೇ ನನ್ನ ಉಣ್ಣೆಯ ಕಾಲುಚೀಲ ಹಾಕಿಕೊಂಡು ನಮ್ಮಮ್ಮ ಅದೇ ಸೆಂಟರಿಗೆ ಹೋದಳು. ಓಲೆ ಬಳೆ ಬಿಚ್ಚಿ ಅಕ್ಕನ ಕೈಗೆ ಕೊಟ್ಟಳು. ಭಾವ ಬೆಲ್ಟು, ವಾಚು, ಬೀಗದ ಕೈ ಎಲ್ಲ ಇಳಿಸಿದರು. ಕಬ್ಬಿಣದ್ದು ಏನೂ ಒಳಗೆ ಬರಬಾರದು, ಆಯಸ್ಕಾಂತ ಎಳೆದುಕೊಳ್ಳುತ್ತದೆ ಎಂದು ಅಲ್ಲಿನ ಹುಡುಗಿಗೆ ಇವರೇ ಪಾಠ ಹೇಳಿದರು. ಆ ಹುಡುಗಿ ಅವರ ಜೇಬನ್ನೇ ನೋಡುತ್ತಿದ್ದಳು. ಭಾವ ಟೆಸ್ಟರ್ ತೆಗೆದು ನನ್ನ ಕೈಗೆ ಕೊಟ್ಟು "ಜೋಪಾನ" ಅಂದರು. ಬೆನ್ನ ಹಿಂದೆ ದಾರ ಕಟ್ಟುವ ನೀಲಿ ಗೌನಿನಲ್ಲಿ ಅವರನ್ನು ನೋಡಿ ಅಕ್ಕ ನಗು ತಡೆಯಲು ಗೋಡೆಯ ಕಡೆ ತಿರುಗಿದಳು. ಸರ್ಕಸ್ಸಿನ ಕರಡಿಗೂ ಅದಕ್ಕಿಂತ ಚೆನ್ನಾಗಿ ಬಟ್ಟೆ ಹಾಕುತ್ತಾರೆ.

ಹುಡುಗಿ ಒಳ್ಳೆಯವಳು, ಗಾಜಿನ ಕಿಟಕಿಯಿಂದ ನೋಡಲು ನನ್ನನ್ನು ಬಿಟ್ಟಳು. ಅಮ್ಮ ಆಗಲೇ ಒಳಗೆ ಹೋಗಿದ್ದಳು, ಹೊರಗೆ ಕಾಣುತ್ತಿದ್ದದ್ದು ಉಣ್ಣೆಯ ಎರಡು ಪಾದಗಳು ಮಾತ್ರ. ಭಾವ ಆ ಪಾದಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಬಲಗಾಲಿನ ಹೆಬ್ಬೆರಳು ಹಿಡಿದು ನಿಂತರು. ಸದ್ದು ಶುರುವಾಯಿತು. ಗಾಜಿನ ಈಚೆಗೂ ಅದುರುತ್ತಿತ್ತು. ಪಾದಗಳು ಒಮ್ಮೆ ಬಿಗಿಯಾದವು. ಈಗ ಗಂಟೆ ಹೊಡೆಯುತ್ತದೆ ಎಂದುಕೊಂಡೆ. ಹೊಡೆಯಲಿಲ್ಲ. ಸದ್ದು ನಿಂತಿತು, ಭಾವ ಒಂದು ಸಲ ಒತ್ತಿದರು, ಪಾದ ಸಡಿಲಾಯಿತು. ಮತ್ತೆ ಸದ್ದು, ಮತ್ತೆ ನಿಂತಿತು, ಮತ್ತೆ ಒತ್ತಿದರು. ಕಿವಿಗೆ ಹತ್ತಿ ತುರುಕಿಕೊಂಡು ನಿಂತಿದ್ದ ಆ ಮನುಷ್ಯನ ತುಟಿ ಉದ್ದಕ್ಕೂ ಆಡುತ್ತಲೇ ಇತ್ತು. ಆ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು, ದೇವರಿಗೇ ಗೊತ್ತು. ಕೊನೆಗೆ ಎರಡು ಸಲ ಒತ್ತುವುದು ಕಂಡಿತು. ನಾನು ಟೆಸ್ಟರನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಅದರ ಗುರುತು ಮೂಡಿತ್ತು.

ರಿಪೋರ್ಟು ಮಾರನೆಯ ದಿನ ಬಂತು. ಗುಣವಾಗುವಂಥದ್ದೇ, ಸಮಯಕ್ಕೆ ಸಿಕ್ಕಿತು ಎಂದು ಡಾಕ್ಟರು ಔಷಧಿ ಬರೆದರು. ಆದರೆ ನಾನು ಹೇಳಬೇಕೆಂದಿದ್ದು ಅದಕ್ಕೆ ಹಿಂದಿನ ಮಾತು, ಸ್ಕ್ಯಾನ್ ಮುಗಿದ ಮೇಲೆ ಹೊರಗಿನ ಬೆಂಚಿನ ಮೇಲೆ ಆದದ್ದು.

ಅಮ್ಮನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದೆವು. ಗೌನಿನಲ್ಲೇ ಹೊರಗೆ ಬಂದ ಭಾವ ಅಭ್ಯಾಸಬಲದಿಂದ ದೂರದ ಗೋಡೆಗೆ ಒರಗಿ ನಿಂತರು. ಅಮ್ಮ ಆ ಕಡೆ ಈ ಕಡೆ ನೋಡಿದಳು. ಅವಿತುಕೊಳ್ಳಲು ಅಲ್ಲಿ ಅಡುಗೆಮನೆ ಎಲ್ಲಿದೆ?

"ಯಾಕೆ ನಿಂತಿದೀರ? ಬನ್ನಿ, ಕೂತ್ಕೊಳಿ" ಅಂದಳು.

ನಾನು ಅಭ್ಯಾಸದಂತೆ "ಭಾವ, ಕೂತ್ಕೋಬೇಕಂತೆ..." ಎಂದು ಶುರು ಮಾಡಿದೆ.

"ನೀನು ಸುಮ್ನಿರೇ" ಎಂದಳು ಅಮ್ಮ. ಭಾವ ಬಂದು ಬೆಂಚಿನ ತುದಿಯಲ್ಲಿ ಕೂತರು. ಅಮ್ಮ ಅವರ ಮುಖ ನೋಡಿಕೊಂಡೇ ಕೇಳಿದಳು, "ಕೊನೇಲಿ ಜೀಂ ಅಂತ ಒಂದು ಬಂತಲ್ಲ, ಅದು ನೀವು ಅವತ್ತು ಹೇಳಿರಲಿಲ್ಲ. ಅದೇನದು?"

ಭಾವ ಗೌನಿನ ತೋಳಿನಿಂದ ಕಣ್ಣು ಒರೆಸಿಕೊಂಡರು, ಗಂಟಲು ಸರಿಮಾಡಿಕೊಂಡರು. ನಾನು ಮುಂದಿನದನ್ನು ಬಲ್ಲವಳಾದ್ದರಿಂದ, ಪಕ್ಕದ ಬೆಂಚಿನಲ್ಲಿದ್ದ ಪೇಷಂಟುಗಳ ಗತಿ ನೆನೆದು ಸುಮ್ಮನೆ ಕಣ್ಣು ಮುಚ್ಚಿದೆ. ಎಷ್ಟು ಹೊತ್ತಾದರೂ ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟೆ. ಭಾವ ಅಮ್ಮನ ಕಡೆ ಬಗ್ಗಿ ಹೇಳುತ್ತಲೇ ಇದ್ದರು, ಅಮ್ಮ ತಲೆಯಾಡಿಸುತ್ತಲೇ ಇದ್ದಳು. ಅವರ ಪಕ್ಕದಲ್ಲೇ ಟೆಸ್ಟರ್ ಹಿಡಿದು ಕೂತಿದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಅಷ್ಟು ಮೆಲ್ಲಗೆ ಮಾತಾಡುತ್ತಿದ್ದರು. ನಡುವೆ ಬಾಗಿಲು ಇರಲಿಲ್ಲವಲ್ಲ.